ನಿಂತದ್ದು ಮಾತ್ರ ಕಂಡ ಕಣ್ಣು

"ಗುರುಗಳೇ, ನಾನು ಕಾಯುತ್ತಿರುವವನು ಏಕೆ ಬರುತ್ತಿಲ್ಲ?" ಎಂದು ವಿರೂಪಯ್ಯ ಕೇಳಿದ.

ಅವನು ಮಠಕ್ಕೆ ಬಂದು ಬಹಳ ವರ್ಷಗಳಾಗಿದ್ದವು. ಪ್ರಶ್ನೆ ಕೇಳುವುದರಲ್ಲಿ ಅವನನ್ನು ಮೀರಿಸುವ ಶಿಷ್ಯರಿರಲಿಲ್ಲ. ಆದರೆ ಇಷ್ಟು ಸಣ್ಣ ದನಿಯಲ್ಲಿ ಅವನು ಯಾವ ಪ್ರಶ್ನೆಯನ್ನೂ ಕೇಳಿರಲಿಲ್ಲ. ಗುರುಗಳು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ತಲೆ ಎತ್ತದೆ, "ಪೂರ್ತಿ ಹೇಳು" ಎಂದರು.

"ಮೊದಮೊದಲು ಕಣ್ಣು ಮುಚ್ಚಿ ಕೂತರೆ ಯಾರ್ಯಾರೋ ಬರುತ್ತಿದ್ದರು. ತೀರಿಹೋದ ತಂಗಿ ಬರುತ್ತಿದ್ದಳು. ಮಾತು ಬಿಟ್ಟ ಗೆಳೆಯ ಬರುತ್ತಿದ್ದ. ಹಿಂದಿನ ದಿನ ಅನ್ನ ಕೇಳಿ ಹೋದ ಮುದುಕನೂ ಬರುತ್ತಿದ್ದ. ಒಬ್ಬೊಬ್ಬರನ್ನೇ ಆಚೆ ಕಳಿಸಿದೆ. ಈಗ ಒಳಗೆ ಒಂದು ನರಪಿಳ್ಳೆಯೂ ಇಲ್ಲ. ಆ ದೇವರೊಬ್ಬನಿಗಾಗಿ ಗುಡಿಸಿ ಸಾರಿಸಿ ಕೂತಿದ್ದೇನೆ. ಅವನು ಬರುತ್ತಿಲ್ಲ. ಈ ಹಂಬಲ ನನ್ನನ್ನು ತಿಂದುಹಾಕುತ್ತಿದೆ."

ಗುರುಗಳು ಮೊರವನ್ನು ಪಕ್ಕಕ್ಕೆ ಸರಿಸಿದರು.

"ಒಂದು ಕತೆ ಹೇಳುತ್ತೇನೆ. ಯಾವಾಗಲೂ ಒಬ್ಬ ರೈತನನ್ನೋ ಒಬ್ಬ ವರ್ತಕನನ್ನೋ ಕರೆತರುತ್ತೇನೆ. ನನ್ನ ಕತೆಗಳಲ್ಲಿ ದುಡಿದು ದುಡಿದು ಪಾಪ ಅವರು ಸೊರಗಿದ್ದಾರೆ. ಇವತ್ತು ಅವರಿಗೆ ರಜೆ. ಇದು ನೌಕಾಪಡೆಯ ಒಬ್ಬ ಅಧಿಕಾರಿಯ ಕತೆ."

ವಿರೂಪಯ್ಯ ಕಡಲು ಕಂಡವನಲ್ಲ. ಆದರೂ ಕಾಲು ಮಡಚಿ ಕೂತ. ಗುರುಗಳು ಹೇಳತೊಡಗಿದರು.

ಒಬ್ಬ ಅಧಿಕಾರಿ ಇದ್ದ. ಕಡಲನ್ನು ದೂರದಿಂದ ನೋಡುವುದು ಅವನ ಕೆಲಸ. ನೌಕಾಪಡೆಯವನಾದರೂ ಹಡಗು ಹತ್ತಿದವನಲ್ಲ, ಉಪ್ಪುನೀರಿನಲ್ಲಿ ಕಾಲು ತೊಯ್ಸಿಕೊಂಡವನಲ್ಲ. ದೊಡ್ಡ ಬಂದರಿನ ಊರಿನಲ್ಲಿ ಒಂದು ತಂಪು ಕೋಣೆ, ಅದರಲ್ಲೊಂದು ಪರದೆ. ಪರದೆಯ ಮುಂದೆ ಅವನು.

ಇದೆಂಥ ಕೆಲಸ ಎಂದು ನಗಬೇಡ. ನೌಕಾಪಡೆಯ ದೋಣಿಗಳು ಕೆಲವೊಮ್ಮೆ ಸೈನಿಕರನ್ನು ತುಂಬಿಕೊಂಡು, ಬಂದರಿಲ್ಲದ ಬರೀ ಮರಳ ದಡಕ್ಕೆ ಬರಬೇಕಾಗುತ್ತದೆ. ಆಗ ಅಪಾಯ ಇರುವುದು ನಡುಗಡಲಿನಲ್ಲಲ್ಲ, ದಡದ ಹತ್ತಿರ. ಅಲ್ಲಿ ನೀರಿನ ಅಡಿಯಲ್ಲಿ ಮರಳು ದಿಬ್ಬ ಕಟ್ಟುತ್ತದೆ. ದೋಣಿಯ ತಳ ದಿಬ್ಬಕ್ಕೆ ಸಿಕ್ಕಿಕೊಂಡರೆ ಹಿಂದಿನಿಂದ ಬರುವ ಅಲೆ ಅದನ್ನು ಮಗುಚಿಹಾಕುತ್ತದೆ. ದಿಬ್ಬವೋ, ಇವತ್ತು ಇದ್ದಲ್ಲಿ ನಾಳೆ ಇರುವುದಿಲ್ಲ. ಹಾಗಾಗಿ ದಿನವೂ ಯಾರಾದರೂ ನೋಡಿ, ಇಲ್ಲಿ ದಿಬ್ಬ, ಇಲ್ಲಿ ಆಳ, ಇಲ್ಲಿ ದಾರಿ ಎಂದು ಹೇಳಬೇಕು. ದೂರದ ನೀರನ್ನು ಆಕಾಶದಿಂದ ಉಪಗ್ರಹ ನೋಡುತ್ತಿತ್ತು. ದಡದ ನೀರನ್ನು ನೋಡಲು ಒಂದು ಹಳ್ಳಿಯ ದೀಪಸ್ತಂಭದ ತುದಿಗೆ ಒಂದು ಕ್ಯಾಮೆರಾ ಕೂರಿಸಿದ್ದರು.

ಈಗ ಆ ಕ್ಯಾಮೆರಾದ ಗುಟ್ಟು ಕೇಳು. ಅಲೆ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಒಂದೇ ಚಿತ್ರ ತೆಗೆದು ನೋಡಿದರೆ ಬರೀ ನೊರೆಯ ಗದ್ದಲ, ತಲೆ ಬುಡ ತಿಳಿಯುವುದಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದ್ದರು. ಬೆಳಿಗ್ಗೆ ಕ್ಯಾಮೆರಾ ಒಂದೇ ಸಮನೆ ನೂರಾರು ಚಿತ್ರ ತೆಗೆಯುತ್ತದೆ. ಯಂತ್ರ ಅವನ್ನೆಲ್ಲ ಒಂದರ ಮೇಲೊಂದು ಇಟ್ಟು, ಬೆರೆಸಿ, ಒಂದೇ ಚಿತ್ರ ಮಾಡುತ್ತದೆ. ಚಲಿಸಿದ್ದೆಲ್ಲ ಕರಗಿಹೋಗುತ್ತದೆ. ನಿಂತದ್ದು ಉಳಿಯುತ್ತದೆ. ಅಲೆಗಳು ಮತ್ತೆ ಮತ್ತೆ ಒಡೆಯುವ ಜಾಗ ಬಿಳಿ ಪಟ್ಟೆಯಾಗಿ ಕಾಣುತ್ತದೆ, ಅದರ ಅಡಿಯಲ್ಲಿ ದಿಬ್ಬ. ಒಡೆಯದ ಜಾಗ ಕಪ್ಪಾಗಿ ಕಾಣುತ್ತದೆ, ಅಲ್ಲಿ ಆಳ. ಆ ಒಂದು ಚಿತ್ರ ಅಧಿಕಾರಿಯ ಕೋಣೆಗೆ ಬರುತ್ತದೆ. ಬಿಡಿಚಿತ್ರಗಳನ್ನು ಇಟ್ಟುಕೊಳ್ಳಲು ಜಾಗವಿಲ್ಲ, ಅಗತ್ಯವೂ ಇಲ್ಲ ಎಂದು ಸ್ತಂಭದಲ್ಲಿಯೇ ಅಳಿಸಿಬಿಡುತ್ತಿದ್ದರು. ಹಾಗೆ ಅಳಿಸಲು ಹೇಳಿದವನೂ ಅವನೇ.

ಆ ಚಿತ್ರಗಳೆಂದರೆ ಅವನಿಗೆ ಪ್ರಾಣ. "ಕಡಲಿನ ಚಂಚಲತೆಯನ್ನೆಲ್ಲ ತೆಗೆದುಹಾಕಿ ಸತ್ಯವನ್ನು ಮಾತ್ರ ತೋರಿಸುತ್ತದೆ" ಎಂದು ಜೊತೆಯವರಿಗೆ ಹೇಳುತ್ತಿದ್ದ. ಇಂಥ ಮಾತಾಡುವವರು ಮಠಗಳಲ್ಲಿ ಮಾತ್ರ ಇರುತ್ತಾರೆ ಎಂದು ನೀನು ತಿಳಿದಿದ್ದರೆ, ಅದು ನಿನ್ನ ತಪ್ಪು.

ಅವನಿಗೊಬ್ಬಳು ಹೆಂಡತಿ. ಹೆಸರು ಸುಗಂಧಿ. ಕ್ಯಾಮೆರಾ ಕೂರಿಸಲು ಹೋದ ಹಳ್ಳಿಯಲ್ಲೇ ಅವಳನ್ನು ಕಂಡು, ಮೆಚ್ಚಿ, ಮದುವೆಯಾಗಿದ್ದ. ಅವಳು ಅಲ್ಲಿನ ಶಾಲೆಯಲ್ಲಿ ಟೀಚರು. ಶಾಲೆಗೆ ಇದ್ದವಳು ಅವಳೊಬ್ಬಳೇ. ಕೆಲವು ಕಾಲ ಇಬ್ಬರೂ ಅದೇ ಊರಿನಲ್ಲಿ ಚೆನ್ನಾಗಿದ್ದರು. ಆಮೇಲೆ ಅವನಿಗೆ ಬಡ್ತಿ ಸಿಕ್ಕಿ ಬಂದರಿನ ಊರಿಗೆ ಹೋಗಬೇಕಾಯಿತು. ಅವಳನ್ನು ಕರೆದ. ಅವಳು ಬರಲು ಒಪ್ಪಲಿಲ್ಲ. ತಾನು ಹೊರಟರೆ ಶಾಲೆಯ ಬಾಗಿಲು ಮುಚ್ಚುತ್ತದೆ, ಬದಲಿಗೆ ಒಬ್ಬರು ಬರುವವರೆಗೆ ತಡೆಯಿರಿ ಎಂದಳು. ಅವನು ತಡೆಯಲಿಲ್ಲ. ಮಾತಿಗೆ ಮಾತು ಬೆಳೆಯಿತು.

"ಆ ಶಾಲೆಯನ್ನೇ ಕಟ್ಟಿಕೊಳ್ಳಬೇಕಿತ್ತು ನೀನು. ನನ್ನನ್ನು ಯಾಕೆ ಕಟ್ಟಿಕೊಂಡೆ?" ಎಂದು ಅವನು ಕೂಗಾಡಿದ.

"ಶಾಲೆಯಾದರೆ ನನ್ನನ್ನು ಬಿಟ್ಟು ಹೋಗ್ತಿರ್ಲಿಲ್ಲ" ಎಂದಳು ಅವಳು.

ಇಂಥ ಮಾತು ಬಾಣದ ಹಾಗೆ ನಾಟುತ್ತದೆ. ಅವನು ಪೆಟ್ಟಿಗೆ ಎತ್ತಿಕೊಂಡು ಹೊರಗೆ ನಡೆದ. ಅಂಗಳದಲ್ಲಿ ನಿಂತು ಹಿಂತಿರುಗಿ, "ಫೋನಿನಲ್ಲಿ ಮಾತು ಬೇಡ. ಮಾತಾಡಿದರೆ ಮತ್ತೆ ಜಗಳವೇ. ನಾನು ಬೇಕು ಎಂದು ನಿನಗೆ ಅನಿಸಿದ ದಿನ ಬೆಳಿಗ್ಗೆ ದಡಕ್ಕೆ ಬಾ. ಸ್ತಂಭದ ಮೇಲೆ ನನ್ನ ಕಣ್ಣಿದೆ. ನಿನ್ನನ್ನು ಕಂಡ ದಿನವೇ ಹೊರಟು ಬರುತ್ತೇನೆ" ಎಂದ. ಅವಳು ಬಾಗಿಲು ಹಾಕಿಕೊಂಡಳು.

ಬಂದರಿನ ಊರಿಗೆ ಹೋದ ಮರುದಿನ ಅವನು ಎಲ್ಲರಿಗಿಂತ ಮುಂಚೆ ಕೋಣೆಗೆ ಬಂದ. ಚಿತ್ರ ಬಂತು. ಕೆಲಸದ ಪ್ರಕಾರ ಅವನು ಮೊದಲು ನೀರು ನೋಡಬೇಕು. ಅವನು ಮೊದಲು ಮರಳು ನೋಡಿದ. ಮರಳು ಖಾಲಿ ಇತ್ತು.

ಇಷ್ಟು ಬೇಗ ಎಲ್ಲಿ ಬರುತ್ತಾಳೆ, ಹಠಮಾರಿ, ಎಂದುಕೊಂಡು ನಕ್ಕ. ಮಾರನೆಯ ದಿನವೂ ಖಾಲಿ. ಅದರ ಮಾರನೆಯ ದಿನವೂ. ವಾರ ಕಳೆಯಿತು, ತಿಂಗಳು ಕಳೆಯಿತು. ಆ ದಡದ ಒಂದೊಂದು ವಸ್ತುವೂ ಅವನಿಗೆ ಬಾಯಿಪಾಠವಾಯಿತು. ಬೋರಲು ಹಾಕಿದ ಹಳೆಯ ದೋಣಿ, ಕೇದಗೆಯ ಮೆಳೆ, ಬಲೆ ಒಣಗಿಸುವ ಗೂಟಗಳು. ಎಲ್ಲವೂ ಇದ್ದವು. ಅವಳು ಮಾತ್ರ ಇರಲಿಲ್ಲ.

ಅವನು ಅವಳಿಗಾಗಿ ಎಷ್ಟು ಹಾತೊರೆದ ಎಂದರೆ, ಊಟದ ತಟ್ಟೆಯ ಮುಂದೆ ಕೂತರೆ ಅವಳು ಮೀನಿನ ಸಾರಿಗೆ ಹುಳಿ ಹಿಂಡುವ ಕೈ ನೆನಪಾಗಿ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದ. ದಾರಿಯಲ್ಲಿ ಯಾವ ಹೆಂಗಸು ಅವಳ ಹಾಗೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದರೂ ತಿರುಗಿ ನೋಡುತ್ತಿದ್ದ. ಒಂದು ಬಸ್ಸು ಹತ್ತಿದ್ದರೆ ಮುಗಿಯುತ್ತಿತ್ತು. ಹತ್ತಲಿಲ್ಲ. ಅವಳು ಬರಲಿ, ನಾನು ನೋಡಲಿ, ಆಮೇಲೆ ಹೊರಡುತ್ತೇನೆ ಎನ್ನುವುದು ಅವನ ಪಟ್ಟು. ಹಂಬಲಕ್ಕೆ ಅಹಂಕಾರ ಕಾವಲು ಕೂತರೆ ಮನುಷ್ಯ ಮನೆ ಬಾಗಿಲಲ್ಲೇ ಉಪವಾಸ ಬೀಳುತ್ತಾನೆ.

ಒಂದು ಬೆಳಿಗ್ಗೆ ಚಿತ್ರದಲ್ಲಿ ಮರಳ ಮೇಲೆ ಏನೋ ಕಂಡಿತು. ಅವನು ಪರದೆಯತ್ತ ಬಗ್ಗಿದ. ಹಿಗ್ಗಿಸಿ ನೋಡಿದ. ಹಸು. ಕಾಲು ಮಡಚಿ ಮಲಗಿ ಮೆಲುಕು ಹಾಕುತ್ತಿದ್ದ ಒಂದು ಕಂದು ಹಸು. ಅದರ ಕೊಂಬು ಕೂಡ ಸ್ಪಷ್ಟವಾಗಿತ್ತು.

ಆ ದಿನ ಅವನ ಮನಸ್ಸು ಮುರಿಯಿತು. ಊರಿನ ಹಸು ಬರುತ್ತದೆ, ಕಟ್ಟಿಕೊಂಡ ಹೆಂಡತಿ ಬರುವುದಿಲ್ಲ. ಕ್ಯಾಮೆರಾದ ಮೇಲೆ ಅವನಿಗೆ ಸಣ್ಣ ಅನುಮಾನವೇನಾದರೂ ಇದ್ದಿದ್ದರೆ ಆ ಹಸು ಅದನ್ನೂ ತಿಂದುಹಾಕಿತು. ಹಸು ಕಾಣುವ ಕಣ್ಣಿಗೆ ಹೆಂಡತಿ ಕಾಣುವುದಿಲ್ಲವೇ?

ಎರಡು ಮಳೆಗಾಲ ಕಳೆದವು. ದೂರದ ದ್ವೀಪವೊಂದಕ್ಕೆ ಒಬ್ಬರು ಬೇಕು, ಹೋದವರು ವರ್ಷಗಟ್ಟಲೆ ಅಲ್ಲೇ ಇರಬೇಕು ಎಂದು ಮೇಲಿನವರು ಕೇಳಿದರು. ಮನೆ ಮಠ ಇದ್ದವರು ಯಾರೂ ಒಪ್ಪಲಿಲ್ಲ. ಅವನು ಒಪ್ಪಿದ. ನನಗೆ ಯಾರಿದ್ದಾರೆ ಎಂದ.

ಹೊರಡುವ ಮೊದಲು ಒಂದು ಕೆಲಸ ಉಳಿದಿತ್ತು. ಅದೇ ಹಳ್ಳಿಯ ದಡದಲ್ಲಿ ನೌಕಾಪಡೆ ಒಂದು ಯುದ್ಧಾಭ್ಯಾಸ ಇಟ್ಟುಕೊಂಡಿತ್ತು. ದೋಣಿಗಳು ಸೈನಿಕರನ್ನು ತಂದು ಮರಳಿಗೆ ಇಳಿಸಬೇಕು. ದಿಬ್ಬ ಎಲ್ಲಿದೆ ಎಂದು ಹೇಳಿದರೆ ಸಾಲದು, ಅದರ ಮೇಲೆ ನೀರು ಎಷ್ಟಿದೆ ಎಂದೂ ಹೇಳಬೇಕು ಎಂದರು. ಬೆರೆಸಿದ ಚಿತ್ರದಿಂದ ಅದು ತಿಳಿಯುವುದಿಲ್ಲ. ನೀರಿನ ಆಳ ತಿಳಿಯಬೇಕಾದರೆ ಅಲೆಯ ನಡಿಗೆ ನೋಡಬೇಕು. ಆಳದ ನೀರಿನಲ್ಲಿ ಅಲೆಗಳು ದೊಡ್ಡ ಹೆಜ್ಜೆ ಹಾಕುತ್ತ ಬೀಸಾಗಿ ಬರುತ್ತವೆ. ತಳ ಹತ್ತಿರವಾದ ಹಾಗೆ ನಡಿಗೆ ನಿಧಾನವಾಗಿ, ಒಂದರ ಬೆನ್ನಿಗೊಂದು ಒತ್ತಿಕೊಳ್ಳುತ್ತವೆ. ನಡಿಗೆ ನೋಡಲು ಬಿಡಿಚಿತ್ರಗಳೇ ಬೇಕು. ಬೆರೆಸಬೇಡಿ, ಅಳಿಸಬೇಡಿ, ಇದ್ದದ್ದು ಇದ್ದ ಹಾಗೆ ಕಳಿಸಿ ಎಂದು ಅವನು ಸ್ತಂಭಕ್ಕೆ ಹೇಳಿ ಕಳಿಸಿದ.

ಬಿಡಿಚಿತ್ರಗಳು ಬಂದವು. ಅವನು ಒಂದು ಅಲೆಯನ್ನು ಹಿಡಿದು, ಚಿತ್ರದಿಂದ ಚಿತ್ರಕ್ಕೆ ಅದರ ಹಿಂದೆ ಹೋದ. ಅಲೆ ದಿಬ್ಬ ದಾಟಿತು, ಒಡೆಯಿತು, ನೊರೆಯಾಗಿ ಮರಳಿಗೆ ಬಂತು. ನೊರೆ ನಿಂತಲ್ಲಿ ಎರಡು ಪಾದಗಳಿದ್ದವು.

ಅವನು ಮುಂದಿನ ಚಿತ್ರ ನೋಡಿದ. ಸೀರೆಯ ನೆರಿಗೆ ಎತ್ತಿ ಹಿಡಿದು, ಚಪ್ಪಲಿ ಕೈಯಲ್ಲಿ ಹಿಡಿದು, ಸುಗಂಧಿ. ಕೇದಗೆಯ ಮೆಳೆಯ ಕಡೆಯಿಂದ ಬಂದಳು. ಸ್ತಂಭದ ಕಡೆ ಮುಖ ಎತ್ತಿದಳು. ಕೈ ಬೀಸಿದಳು. ಬೋರಲು ದೋಣಿಯವರೆಗೆ ನಡೆದಳು, ತಿರುಗಿದಳು, ಮತ್ತೆ ಮುಖ ಎತ್ತಿದಳು. ಗಾಳಿಗೆ ಹಾರಿದ ಕೂದಲನ್ನು ಸರಿಮಾಡಿಕೊಂಡಳು, ತನ್ನನ್ನು ಯಾರೋ ನೋಡುತ್ತಿದ್ದಾರೆ ಎಂದು ಗೊತ್ತಿರುವವಳ ಹಾಗೆ. ಮತ್ತೆ ನಡೆದಳು, ಮತ್ತೆ ತಿರುಗಿದಳು. ಕೊನೆಗೆ ಶಾಲೆಗೆ ಹೊತ್ತಾಯಿತೆಂದೋ ಏನೋ, ಬೇಗ ಬೇಗ ಹೆಜ್ಜೆ ಹಾಕುತ್ತ ಚಿತ್ರದಿಂದ ಆಚೆ ಹೋದಳು.

ಅವನು ಆ ಚಿತ್ರಗಳನ್ನೆಲ್ಲ ಯಂತ್ರಕ್ಕೆ ಕೊಟ್ಟು ಬೆರೆಸಿದ. ಬಿಳಿ ಪಟ್ಟೆ ಬಂತು, ಕಪ್ಪು ಪಟ್ಟೆ ಬಂತು. ದೋಣಿ, ಮೆಳೆ, ಗೂಟಗಳು ಬಂದವು. ಮರಳು ಖಾಲಿ ಇತ್ತು. ಎರಡು ವರ್ಷ ದಿನವೂ ನೋಡಿದ ಅದೇ ಖಾಲಿ ಮರಳು.

ಇಲ್ಲಿ ವಿರೂಪಯ್ಯ ತಡೆಯಲಾರದೆ ಬಾಯಿ ಹಾಕಿದ. "ಚಲಿಸಿದ್ದು ಕರಗುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲವೇ?"

"ಅಲೆಯ ವಿಷಯದಲ್ಲಿ ಗೊತ್ತಿತ್ತು, ಹೆಂಡತಿಯ ವಿಷಯದಲ್ಲಿ ಹೊಳೆಯಲಿಲ್ಲ" ಎಂದರು ಗುರುಗಳು. "ಕಲಿತ ವಿದ್ಯೆಯನ್ನು ಕಚೇರಿಯಲ್ಲೇ ಬಿಟ್ಟು ಮನೆಗೆ ಹೋಗುವವರೇ ಹೆಚ್ಚು. ಮುಂದೆ ಕೇಳು."

ಹಿಂದಿನ ಬಿಡಿಚಿತ್ರಗಳು ಎಲ್ಲಾದರೂ ಉಳಿದಿವೆಯೇ ಎಂದು ಅವನು ಹುಚ್ಚನ ಹಾಗೆ ಹುಡುಕಿಸಿದ. ಒಂದೂ ಉಳಿದಿರಲಿಲ್ಲ. ಎಷ್ಟು ಬೆಳಗು ಬಂದಿದ್ದಳೋ, ಯಾವ ಸೀರೆ ಉಟ್ಟಿದ್ದಳೋ, ಎಷ್ಟು ಸಲ ಕೈ ಬೀಸಿದ್ದಳೋ, ಯಾವ ದಿನ ಅತ್ತಳೋ, ಯಾವ ದಿನ ಮುನಿದಳೋ, ಎಲ್ಲ ಹೋಗಿತ್ತು. ದುಡ್ಡು ಹೋದರೆ ದುಡಿಯಬಹುದು. ಆ ಬೆಳಗುಗಳನ್ನು ಅವನು ಎಲ್ಲಿಂದ ತರಬೇಕು? ಮೇಜಿಗೆ ಹಣೆ ಒತ್ತಿ ಅವನು ಗಟ್ಟಿಯಾಗಿ ಅತ್ತ. ಜೊತೆಯವರು ಏನಾಯಿತೆಂದು ತಿಳಿಯದೆ ನೀರು ತಂದುಕೊಟ್ಟರು.

ಆಗಲೇ ಎದ್ದು ಓಡಬೇಕೆಂದು ಅವನಿಗೆ ಆಸೆ. ಆದರೆ ದೋಣಿ ಹತ್ತುವ ಹುಡುಗರ ಜೀವ ಅವನ ಮಾತಿನ ಮೇಲಿತ್ತು. ಕಣ್ಣೊರೆಸಿಕೊಂಡು ಕೂತ. ಒಂದೊಂದು ಅಲೆಯ ನಡಿಗೆಯನ್ನೂ ನೋಡಿದ. ಆಳದ ದಾರಿಯನ್ನು ಗುರುತಿಸಿಕೊಟ್ಟ. ಆಮೇಲೆ ಮೇಲಿನವರ ಮುಂದೆ ನಿಂತು, ಮೊದಲ ದೋಣಿಯಲ್ಲಿ ನನ್ನನ್ನೂ ಕಳಿಸಿ ಎಂದು ಬೇಡಿಕೊಂಡ. ನೀರು ಮುಟ್ಟದವನಿಗೆ ಇದೇನು ಹೊಸ ಚಪಲ ಎಂದು ಅವರು ನಕ್ಕರು. ಕಳಿಸಿದರು.

ದೋಣಿ ಅವನು ಗುರುತಿಸಿದ ದಾರಿಯಲ್ಲೇ ಬಂತು. ಎಡಕ್ಕೂ ಬಲಕ್ಕೂ ಅಲೆ ಒಡೆದು ಹಾರುತ್ತಿತ್ತು, ನಡುವೆ ದಾರಿ ಸಲೀಸಾಗಿತ್ತು. ಅವನು ಸೊಂಟದವರೆಗಿನ ನೀರಿಗೆ ಹಾರಿ, ಬಿದ್ದು, ಎದ್ದು, ಉಪ್ಪುನೀರು ಕುಡಿದು ದಡ ಸೇರಿದ. ಊರಿನವರನ್ನು ಹಗ್ಗ ಕಟ್ಟಿ ದೂರ ನಿಲ್ಲಿಸಿದ್ದರು. ಹಗ್ಗದ ಆಚೆ ಶಾಲೆಯ ಮಕ್ಕಳು, ಮಕ್ಕಳ ಹಿಂದೆ ಸುಗಂಧಿ. ಎರಡು ವರ್ಷದಲ್ಲಿ ಅವಳು ಇಳಿದುಹೋಗಿದ್ದಳು. ಅವನು ಸಮವಸ್ತ್ರದಿಂದ ನೀರಿಳಿಸುತ್ತ ಅವಳ ಎದುರು ನಿಂತ.

"ದಿನಾ ಬರುತ್ತಿದ್ದೆಯಾ?" ಎಂದು ಕೇಳಿದ.

"ಮತ್ತೆಂತ? ನೀವು ಹೋದ ಮರುದಿನದಿಂದ ಬರ್ತಾ ಇದ್ದೇನೆ. ಮಳೆಗಾಲದಲ್ಲಿ ಕೊಡೆ ಹಿಡ್ಕೊಂಡು ಬಂದೆ. ಕಂಡ ದಿನ ಬರ್ತೇನೆ ಅಂತ ಹೇಳಿದ್ದು ನೀವೇ ಅಲ್ವಾ? ಕಂಡೂ ಬರ್ಲಿಲ್ಲ ಅಂದ್ಕೊಂಡೆ ನಾನು."

"ಕಾಣಲಿಲ್ಲ ಸುಗಂಧಿ. ನನ್ನಾಣೆ, ಒಂದು ದಿನವೂ ಕಾಣಲಿಲ್ಲ. ನೀನು ಓಡಾಡುತ್ತಿದ್ದೆ, ಅದಕ್ಕೇ ಚಿತ್ರದಲ್ಲಿ ಅಳಿಸಿಹೋದೆ. ಒಂದು ಕಡೆ ಸುಮ್ಮನೆ ನಿಂತಿದ್ದರೆ ಕಾಣುತ್ತಿದ್ದೆ."

ಅವಳು ಅವನನ್ನೇ ನೋಡಿದಳು. ಕಣ್ಣು ತುಂಬಿತ್ತು, ಅದರ ಜೊತೆಗೆ ಸಿಟ್ಟೂ ಇತ್ತು, ನಗುವೂ ಇತ್ತು.

"ಸುಮ್ಮನೆ ನಿಲ್ಲಲಿಕ್ಕೆ ಆಗ್ತಿದ್ರೆ ನಾನು ಅಲ್ಲಿಗೆ ಯಾಕೆ ಬರ್ತಿದ್ದೆ ಮಾರಾಯ್ರೆ?"

ಅವನು ಹಗ್ಗ ಅಡ್ಡ ಇದ್ದ ಹಾಗೆಯೇ ಅವಳ ಕೈ ಹಿಡಿದುಕೊಂಡ. ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕವು. ಅವಳು ಅವರನ್ನು ಗದರಿಸಿದಳು, ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.

ದ್ವೀಪಕ್ಕೆ ಹೋಗುತ್ತೇನೆಂದು ಕೊಟ್ಟ ಮಾತನ್ನು ಅವನಿಗೆ ಹಿಂದೆ ತೆಗೆದುಕೊಳ್ಳಲು ಆಗಲಿಲ್ಲ. ಪಡೆಯಲ್ಲಿ ಕೊಟ್ಟ ಮಾತು ಕೊಟ್ಟದ್ದೇ. ಇಬ್ಬರಿಗೂ ಸಿಕ್ಕಿದ್ದು ಕೆಲವೇ ದಿನಗಳು. ಆ ದಿನಗಳಲ್ಲಿ ಬೆಳಗಾದರೆ ಇಬ್ಬರೂ ದಡಕ್ಕೆ ಹೋಗಿ ಓಡಾಡುತ್ತಿದ್ದರು. ಆಮೇಲೆ ಅವನು ಹಡಗು ಹತ್ತಿ ಹೋದ. ದ್ವೀಪದಿಂದ ಆ ದಡ ಕಾಣುತ್ತಿರಲಿಲ್ಲ, ಅಲ್ಲಿಗೆ ಯಾವ ಚಿತ್ರವೂ ಬರುತ್ತಿರಲಿಲ್ಲ. ಆದರೂ ಬೆಳಗಾದರೆ ಅವನು ಪೂರ್ವಕ್ಕೆ ತಿರುಗಿ ನಿಲ್ಲುತ್ತಿದ್ದ. ಈಗ ಮೆಳೆ ದಾಟಿದಳು, ಈಗ ಚಪ್ಪಲಿ ಕೈಗೆ ತೆಗೆದುಕೊಂಡಳು, ಈಗ ಶಾಲೆಗೆ ಹೊರಟಳು ಎಂದುಕೊಳ್ಳುತ್ತಿದ್ದ. ಹಂಬಲ ಮೊದಲಿನಷ್ಟೇ ಸುಡುತ್ತಿತ್ತು. ಅವಳು ಬಂದಿಲ್ಲ ಎಂದು ಮಾತ್ರ ಮತ್ತೆ ಒಂದು ದಿನವೂ ಅನ್ನಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ವಿರೂಪಯ್ಯ ಮೇಲುಹೊದಿಕೆಯ ಅಂಚಿನಿಂದ ಕಣ್ಣೊರೆಸಿಕೊಂಡ.

"ಎಂಥ ದಡ್ಡ, ಗುರುಗಳೇ! ದಿನವೂ ಎದುರಿಗೆ ಬಂದವಳನ್ನು ತಾನೇ ಅಳಿಸಿ, ಬರಲಿಲ್ಲ ಎಂದು ಎರಡು ವರ್ಷ ಕೊರಗಿದನಲ್ಲ."

ಗುರುಗಳು ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.

"ನೀನು ಆಚೆ ಕಳಿಸಿದೆಯಲ್ಲ, ಅವರೆಲ್ಲ ಯಾರು ತಮ್ಮಾ?"